ಹಳೆಯ ಮೋಟಾರು ಕಾರುಗಳ ವೇಗಮಾಪಕ: ತಂತಿಯ ದೋಷಗಳೂ ಅವುಗಳ ನಿವಾರಣೆಯೂ

ಹಳೆಯ ಅಂಬಾಸಡರ್ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವ ಭೂಮಾಲೀಕರು ಗ್ರಾಮಾಂತರಗಳಲ್ಲಿ ಉಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿದ ಈ ಕಾರಿನ ತಯಾರಿಕೆಯು 2014ನೆಯ ಇಸವಿಯಲ್ಲಿ ನಿಂತುಹೋಯಿತು. ಇಂತಹ ಕಾರುಗಳಲ್ಲಿ ವೇಗಮಾಪಕದ ಮುಳ್ಳು ನಿಂತುಹೋದರೆ, ಕಾರು ಓಡುವುದಕ್ಕೆ ಅಡ್ಡಿಯಿಲ್ಲವೆಂದು ಮಾಲೀಕರು ಅದನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದುಂಟು. ಇದು ಸರಿಯಲ್ಲ. ಮುಳ್ಳಿನೊಡನೆ ದೂರದ ಲೆಕ್ಕವೂ ನಿಂತರೆ ಎಂಜಿನ್ ಎಣ್ಣೆಯನ್ನು ಬದಲಾಯಿಸುವ ಕಾಲವು ತಿಳಿಯದೆ, ಹಳಸಿದ ಎಣ್ಣೆಯಲ್ಲಿಯೇ ಎಂಜಿನ್ ಸವೆಯುವುದು. ಸಾವಿರಾರು ರೂಪಾಯಿಗಳ ಈ ನಷ್ಟಕ್ಕೆ ಕಾರಣವಾಗುವುದು ಬಹುಮಟ್ಟಿಗೆ ಒಂದು ಅಲ್ಪಬೆಲೆಯ ತಂತಿ.

ಯಂತ್ರದ ರಚನೆ

ಈ ಬಗೆಯ ವೇಗಮಾಪಕಕ್ಕೆ ಜರ್ಮನಿಯ ಆಟೋ ಷುಲ್ಜೆ ಎಂಬಾತನು 1902ರಲ್ಲಿ ಹಕ್ಕುಪತ್ರ ಪಡೆದನು. ಗೇರ್‌ಬಾಕ್ಸಿನಲ್ಲಿರುವ ಒಂದು ಚಿಕ್ಕ ಹಲ್ಲುಚಕ್ರವು ಉಕ್ಕಿನ ಎಳೆಗಳಿಂದ ಹೆಣೆದ ಒಳತಂತಿಯನ್ನು ತಿರುಗಿಸುವುದು. ಈ ತಂತಿಯು ಬಾಗುವ ಹೊರಕೊಳವೆಯೊಳಗೆ ಸುತ್ತುತ್ತ ಮೇಲಿನ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುವುದು. ಅಯಸ್ಕಾಂತಕ್ಕೆ ಅಲ್ಯುಮಿನಿಯಂ ಬಟ್ಟಲೊಂದು ತಗಲದಂತೆ ಹೊಂದಿಕೊಂಡಿದೆ. ಅಯಸ್ಕಾಂತವು ತಿರುಗಿದಂತೆಲ್ಲ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳು ಉಂಟಾಗಿ, ಬಟ್ಟಲು ಅದರ ಹಿಂದೆ ಹೋಗಲು ಯತ್ನಿಸುವುದು; ಕೂದಲಿನಂತಹ ಒಂದು ಸ್ಪ್ರಿಂಗು ಅದನ್ನು ತಡೆಯುವುದು. ಈ ಎರಡು ಬಲಗಳು ಸಮವಾದಲ್ಲಿ ಮುಳ್ಳು ನಿಲ್ಲುವುದು. ದೂರವನ್ನು ಎಣಿಸುವ ಅಂಕಿಗಳಾದರೋ ಹಲ್ಲುಚಕ್ರಗಳ ಮೂಲಕ ನೇರವಾಗಿ ತಂತಿಯಿಂದಲೇ ನಡೆಯುವುವು.

ದೋಷದ ಲಕ್ಷಣಗಳು

1. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ತಂತಿಯು ಮುರಿದಿರಬೇಕು, ಇಲ್ಲವೆ ಅದರ ತುದಿ ಕಳಚಿರಬೇಕು, ಇಲ್ಲವೆ ಗೇರ್‌ಬಾಕ್ಸಿನ ಹಲ್ಲುಚಕ್ರವು ಸವೆದಿರಬೇಕು.
2. ಮುಳ್ಳು ಓಲಾಡುತ್ತಿದ್ದರೆ ತಂತಿಯು ಒಣಗಿರುವುದು ಅಥವಾ ಎಲ್ಲಿಯೋ ಬಿಗಿಯಾಗಿ ಬಾಗಿರುವುದು.
3. ಕಿರಗುಟ್ಟುವ ಶಬ್ದವು ಕೇಳಿಬಂದರೆ ಅದು ಒಣಗಿದ ತಂತಿಯದು ಅಥವಾ ಮೀಟರಿನ ಅಚ್ಚಿನದು.
4. ಮುಳ್ಳು ನಿಜಕ್ಕಿಂತ ಬಹಳ ಹೆಚ್ಚು ವೇಗವನ್ನು ತೋರಿಸಿದರೆ ಮೀಟರಿನೊಳಕ್ಕೆ ಎಣ್ಣೆ ಏರಿರುವ ಸಂಭವವುಂಟು.
5. ಮುಳ್ಳು, ಅಂಕಿ ಇವೆರಡರಲ್ಲಿ ಒಂದು ಮಾತ್ರ ನಿಂತಿದ್ದರೆ ದೋಷವು ಮೀಟರಿನಲ್ಲಿಯೇ ಹೊರತು ತಂತಿಯಲ್ಲಲ್ಲ.

ಪರೀಕ್ಷಿಸುವ ಕ್ರಮ

ಎಂಜಿನ್ ಆರಿಸಿ, ಸೈಲೆನ್ಸರ್ ಕೊಳವೆ ತಣ್ಣಗಾದ ಮೇಲೆಯೇ ಕೆಲಸಕ್ಕೆ ತೊಡಗತಕ್ಕದ್ದು. ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಡಬೇಕು. ಬರಿಯ ಜಾಕಿಯ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಯಾರೂ ಎಂದಿಗೂ ನುಸುಳಕೂಡದು.

ಮೀಟರಿನ ಹಿಂದಿರುವ ಗುಂಡು ನಟ್ಟನ್ನು ಕೈಯಿಂದ ಬಿಚ್ಚಿ ಒಳತಂತಿಯನ್ನು ಮೆಲ್ಲಗೆ ಎಳೆಯಬೇಕು. ತುಂಡು ಮಾತ್ರ ಬಂದರೆ ತಂತಿ ಮುರಿದಿದೆಯೆಂದು ನಿಶ್ಚಯ. ಇಡಿಯಾಗಿದ್ದರೆ ಅದನ್ನು ಮತ್ತೆ ಸೇರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಸಮನೆಲದಲ್ಲಿ ಇಬ್ಬರು ಕಾರನ್ನು ಕೆಲವು ಗಜ ತಳ್ಳಬೇಕು. ತಂತಿಯ ಮೇಲ್ತುದಿ ತಿರುಗಿದರೆ ದೋಷವು ಮೀಟರಿನದು. ತಿರುಗದಿದ್ದರೆ ಗೇರ್‌ಬಾಕ್ಸಿನ ಕಡೆಯದು. ತಂತಿಯನ್ನು ಹೊರತೆಗೆದು ಸಮವಾದ ಹಲಗೆಯ ಮೇಲೆ ನೀಳವಾಗಿಟ್ಟು, ಒಂದು ತುದಿಯನ್ನು ಬೆರಳಿನಿಂದ ಉರುಳಿಸಿ ನೋಡಬಹುದು. ಅದು ಮಧ್ಯದಲ್ಲಿ ನೆಗೆದರೆ ಸೊಟ್ಟಗಾಗಿದೆಯೆಂದು ತಿಳಿದು ಬದಲಾಯಿಸತಕ್ಕದ್ದು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ತಂತಿಯು ತಾನಾಗಿ ಮುರಿಯುವುದು ಅಪರೂಪ. ಮತ್ತಾವುದೋ ದೋಷವು ಅದನ್ನು ಮುರಿಯುವುದು. ಆದುದರಿಂದ ಹಳೆಯ ತಂತಿಯ ಮೇಲ್ತುದಿಯ ಗೇಣುದ್ದದ ತುಂಡನ್ನು ಮೀಟರಿನ ರಂಧ್ರದಲ್ಲಿ ಸೇರಿಸಿ ಬೆರಳಿನಿಂದ ತಿರುಗಿಸಿ ನೋಡಬೇಕು. ಸುಲಭವಾಗಿ ತಿರುಗದಿದ್ದರೆ ಮೀಟರು ಬಿಗಿದಿದೆ. ಅದನ್ನು ಸರಿಪಡಿಸದೆ ಹೊಸ ತಂತಿಯನ್ನು ಹಾಕಿದರೆ ಅದೂ ಮುರಿಯುವುದು. ಮೀಟರನ್ನು ಮನೆಯಲ್ಲಿ ಬಿಚ್ಚಲಾಗದು. ಅದರ ಸ್ಪ್ರಿಂಗು ಅತಿ ಸೂಕ್ಷ್ಮವಾದುದರಿಂದ ಮೀಟರು ರಿಪೇರಿ ಬಲ್ಲವರಿಗೇ ಒಪ್ಪಿಸಬೇಕು.

ಹೊಸ ತಂತಿಯನ್ನು ಜೋಡಿಸುವ ವಿಧಾನ

ಹೊಸ ತಂತಿಯ ಉದ್ದವೂ ತುದಿಗಳ ಆಕಾರವೂ ಹಳೆಯದರಂತೆಯೇ ಇವೆಯೇ ಎಂದು ಮೊದಲು ಹೋಲಿಸಬೇಕು. ತಂತಿಗೆ ಗ್ರೀಸನ್ನು ತೆಳುವಾಗಿ ಸವರಬೇಕು, ಎಣ್ಣೆಯನ್ನು ಹಾಕಕೂಡದು. ಹೆಣೆದ ತಂತಿಯು ತಿರುಗುವಾಗ ತಿರುಪಿನಂತೆ ಎಣ್ಣೆಯನ್ನು ಮೇಲಕ್ಕೆ ಒಯ್ದು ಮೀಟರನ್ನು ಕೆಡಿಸುವುದು. ಈ ಕಾರಣದಿಂದಲೇ ತಂತಿಯನ್ನು ಕೊಳವೆಯೊಳಗೆ ಸೇರಿಸಿದ ಮೇಲೆ ಮೇಲ್ತುದಿಯನ್ನು ಎಂಟು ಅಂಗುಲದಷ್ಟು ಹೊರಗೆಳೆದು, ಹೆಚ್ಚಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ, ಮತ್ತೆ ಒಳಕ್ಕೆ ತಳ್ಳಬೇಕು. ಹಳೆಯ ಕೊಳವೆಯಲ್ಲಿ ಗೇರ್‌ಬಾಕ್ಸಿನ ಎಣ್ಣೆ ಕಂಡುಬಂದರೆ, ಕೆಳಗಿನ ಹಲ್ಲುಚಕ್ರದ ಎಣ್ಣೆಸೀಲನ್ನೂ ಬದಲಾಯಿಸುವುದು ಅವಶ್ಯ.

ಕೊಳವೆಯ ಯಾವ ಬಾಗೂ ಒಂದು ಅಡಿ ಅಗಲದ ಬುಟ್ಟಿಯ ಅಂಚಿಗಿಂತ ಬಿಗಿಯಾಗಿರಬಾರದು. ಎರಡು ತುದಿಗಳ ಬಳಿಯಲ್ಲಿ ಎರಡು ಅಂಗುಲದಷ್ಟು ಭಾಗ ನೇರವಾಗಿಯೇ ಇರಬೇಕು. ಅದು ಸೈಲೆನ್ಸರ್ ಕೊಳವೆಗೆ ತಗಲದಂತೆ ಕ್ಲಿಪ್ಪುಗಳಿಂದ ಬಂಧಿಸಬೇಕು. ಚೌಕನಾದ ತುದಿಗಳು ತಮ್ಮ ರಂಧ್ರಗಳಲ್ಲಿ ಚೆನ್ನಾಗಿ ಕುಳಿತ ಮೇಲೆಯೇ ಮೀಟರಿನ ನಟ್ಟನ್ನು ಕೈಯಿಂದ ಬಿಗಿಯತಕ್ಕದ್ದು.

ಲೆಕ್ಕದ ತಾಳೆ

ಜೋಡಿಸಿದ ಮೇಲೆ ರಸ್ತೆಯ ಕಲ್ಲಿನಿಂದ ಕಲ್ಲಿಗೆ 10 ಕಿಲೋಮೀಟರು ಓಡಿಸಿ ಅಂಕಿಗಳನ್ನು ತಾಳೆ ನೋಡಬೇಕು. ಮೈಲಿಯ ಮೀಟರಾದರೆ 6.2 ಮೈಲಿ ತೋರಿಸಬೇಕು. ಬಹಳ ವ್ಯತ್ಯಾಸವಿದ್ದರೆ ಟೈರುಗಳ ಅಳತೆಯನ್ನು ಪರೀಕ್ಷಿಸುವುದು ಲೇಸು. ಮೂಲದ ಟೈರಿಗಿಂತ ಸುತ್ತಳತೆಯಲ್ಲಿ ಹತ್ತರಲ್ಲಿ ಒಂದು ಪಾಲು ದೊಡ್ಡದಾದ ಟೈರನ್ನು ಹಾಕಿದರೆ, ಕಾರು ಗಂಟೆಗೆ 55 ಕಿಲೋಮೀಟರು ಓಡುವಾಗ ಮುಳ್ಳು 50ನ್ನೇ ತೋರಿಸುವುದು.

ಮೀಟರು ಕೆಟ್ಟಿರುವ ಅವಧಿಯಲ್ಲಿ ಪೆಟ್ರೋಲು ಅಥವಾ ಡೀಸೆಲ್ ಹಾಕಿಸಿದ ದಿನವನ್ನೂ ಲೀಟರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಓಡಿದ ದೂರವನ್ನು ಅಂದಾಜು ಮಾಡಿ ಎಂಜಿನ್ ಎಣ್ಣೆಯನ್ನು ಸಕಾಲಕ್ಕೆ ಬದಲಾಯಿಸಬಹುದು. ಹಳೆಯ ಕಾರನ್ನು ಕೊಳ್ಳುವವರೂ ಅಂಕಿ ಕಡಮೆಯಿದೆಯೆಂದು ಹಿಗ್ಗದೆ, ಆ ಅಂಕಿಗಳು ಓಡುತ್ತಿವೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ನಿಂತ ಮೀಟರಿನ ಅಂಕಿ ಬರೆಯದೆ ಬಿಟ್ಟ ಲೆಕ್ಕದ ಪುಸ್ತಕದಂತೆ. ಅದನ್ನು ನಂಬಿ ವ್ಯವಹಾರ ಮಾಡಿದವನಿಗೆ ನಷ್ಟವು ತಪ್ಪದು.