ಖಿನ್ನತೆಯ ನಡುವೆ ನಗು ಬಂದರೆ?

ಪ್ರಶ್ನೆ: ಖಿನ್ನತೆ ಇದ್ದವರಿಗೂ ಖುಷಿಯಾಗುವುದುಂಟೇ? ನಕ್ಕರೆ ಕಾಯಿಲೆ ಸುಳ್ಳೇ?

ಉತ್ತರ: ಖುಷಿಯಾಗುವುದುಂಟು, ಕಾಯಿಲೆಯೂ ಸುಳ್ಳಲ್ಲ. ಸಂತೋಷಪಡುವ ಶಕ್ತಿ ಕುಗ್ಗುತ್ತದೆ, ಎಲ್ಲರಲ್ಲೂ ಪೂರ್ತಿ ಬತ್ತುವುದಿಲ್ಲ.

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲ್ಯೂಯಿನ್‌ಸನ್ ಈ ಎಳೆಯನ್ನೇ ಹಿಡಿದರು. ಮನಸ್ಸು ಕುಗ್ಗಿದವರು ಹೊರಗೆ ಹೋಗುವುದು, ನಾಲ್ಕು ಜನರೊಡನೆ ಮಾತಾಡುವುದು ಬಿಡುತ್ತಾರೆ. ಬಿಟ್ಟಷ್ಟೂ ಹಿತವೆನಿಸುವ ಗಳಿಗೆಗಳು ಕಡಿಮೆಯಾಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಅವರೂ ಸಹೋದ್ಯೋಗಿಗಳೂ ಸೇರಿ 320 ಹಿತಕರ ಸಂಗತಿಗಳ ಪಟ್ಟಿಯನ್ನೇ ಮಾಡಿದರು. ಅವರ ವಿಧಾನವೆಂದರೆ, ಉಮೇದು ಬರಲೆಂದು ಕಾಯದೆ, ಹೊತ್ತು ಗೊತ್ತುಮಾಡಿಕೊಂಡು ಅಂಥ ಯಾವುದಾದರೊಂದನ್ನು ಮಾಡುವುದು: ಹತ್ತು ನಿಮಿಷದ ನಡಿಗೆ, ಗಿಡಕ್ಕೆ ನೀರು. ಆಮೇಲೆ ಹೇಗನಿಸಿತೆಂದು ಬರೆದಿಡುವುದು. 'ಖುಷಿಯಾಗಿರಪ್ಪಾ' ಎಂಬ ನೆಂಟರ ಉಪದೇಶಕ್ಕೂ ಇದಕ್ಕೂ ಸಂಬಂಧವಿಲ್ಲ!

ತೀವ್ರ ಖಿನ್ನತೆಗೆ ವೈದ್ಯರ ಚಿಕಿತ್ಸೆ ಬೇಕೇ ಬೇಕು. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.