ಮಾಳಿಗೆ ಮೇಲೊಂದು ಸಣ್ಣ ನರ್ಸರಿ



ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ರಾಯಚೂರಿನಷ್ಟು ಬಿಸಿಲಿಲ್ಲ, ಗಿಡ ಸಾಯುವಷ್ಟು ಚಳಿಯೂ ಇಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿದ ಲಾಲ್‌ಬಾಗ್‌ನಲ್ಲಿ ದೂರದೇಶದ ಗಿಡಗಳೂ ಬೇರೂರಿದವು. ಅದರ ಹತ್ತಿರದ ಸಿದ್ದಾಪುರದಲ್ಲಿ ಇಂದಿಗೂ ನರ್ಸರಿ ಎಷ್ಟೋ ಮನೆಗಳ ಕಸುಬು. ಬಸವೇಶ್ವರನಗರದ ನಮಗೆ ಅಷ್ಟು ಜಾಗ ಎಲ್ಲಿದೆ ಅಂತೀರಾ? ಹತ್ತಡಿ ಮಾಳಿಗೆ ಸಾಕು. ಬಾಡಿಗೆ ಮನೆಯಾದರೆ ಮೊದಲು ಮಾಲೀಕರನ್ನು ಕೇಳಿ.

ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ತೊಳೆದ ಹಾಲಿನ ಪ್ಯಾಕೆಟ್ಟಿನ ತಳಕ್ಕೆ ನಾಲ್ಕೈದು ತೂತು ಮಾಡಿ ಮಣ್ಣು ತುಂಬಿಸಿ. ನೀರು ನಿಂತರೆ ಬುಡ ಕೊಳೆಯುತ್ತದೆ, ಸೊಳ್ಳೆಯೂ ಆಗುತ್ತದೆ.

ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಆರಿಸಿ. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣೊಳಗೆ ಇರುವಂತೆ ನೆಡಿ. ಜೂನ್, ಜುಲೈನ ಮೋಡದ ದಿನಗಳು ಇದಕ್ಕೆ ಒಳ್ಳೆಯವು. ಕರಿಬೇವಿನ ಹಣ್ಣಿನ ತಿರುಳು ತೆಗೆದು ಬೀಜವನ್ನು ತಾಜಾ ಇರುವಾಗಲೇ ಬಿತ್ತಿ. ಒಣಗಿಸಿ ಇಟ್ಟರೆ ಮೊಳೆಯುವುದು ಕಷ್ಟ. ಮೊದಲ ಕೆಲವು ವಾರ ಹಳೇ ಕಾಟನ್ ಸೀರೆ ಕಟ್ಟಿ ನೆರಳು ಮಾಡಿ.

ಮಾರ್ಚ್ 2024ರಲ್ಲಿ ನೀರಿಗೆ ಬರ ಬಂದಾಗ ಜಲಮಂಡಳಿಯು ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಆದ್ದರಿಂದ ಅಕ್ಕಿ, ತರಕಾರಿ ತೊಳೆದ ನೀರನ್ನು ಈಗಿನಿಂದಲೇ ಬಕೆಟ್ಟಿನಲ್ಲಿ ಹಿಡಿಯಿರಿ. ಸೋಪಿನ ನೀರು ಬೇಡ.

ಇನ್ನು ಮುಖ್ಯವಾದ ಮಾತು. ಸಂಘದ ಸಾಲದ ಕಂತು ಮುಂದಿನ ತಿಂಗಳೇ ಶುರು. ದಾಸವಾಳದ ಕಡ್ಡಿ ಮಾರಾಟಕ್ಕೆ ಬರಲು ಮೂರ್ನಾಲ್ಕು ತಿಂಗಳಾದರೂ ಬೇಕು, ಕರಿಬೇವಿಗೆ ಇನ್ನೂ ಹೆಚ್ಚು. ಗಿಡ ಬೆಳೆಯುವ ಮೊದಲೇ ಬಡ್ಡಿ ಬೆಳೆದರೆ ಏನು ಲಾಭ? ಅದಕ್ಕೇ ಬೇಗ ಚಿಗುರುವ ದೊಡ್ಡಪತ್ರೆ, ತುಳಸಿ ಅರ್ಧ ಇರಲಿ. ನಿಧಾನದ ಗಿಡ ಅರ್ಧ ಇರಲಿ. ನೆಟ್ಟದ್ದೆಲ್ಲ ಬದುಕುವುದಿಲ್ಲ, ಬದುಕಿದ ಗಿಡಕ್ಕೆ ಮಾತ್ರ ಬೆಲೆ ಕಟ್ಟಿ. ಮಣ್ಣು, ಗೊಬ್ಬರದ ಖರ್ಚಿನ ಜೊತೆಗೆ ನಿಮ್ಮ ದುಡಿಮೆಯ ಕೂಲಿಯನ್ನೂ ಪುಸ್ತಕದಲ್ಲಿ ಬರೆಯಿರಿ. ಮೊದಲ ಸಲ ಉಳಿತಾಯದ ಹಣದಲ್ಲಿ ಐವತ್ತು ಪ್ಯಾಕೆಟ್ ಮಾಡೋಣ. ಅವು ಮಾರಾಟವಾದ ಮೇಲೆ ಸಾಲದ ವಿಚಾರ ಸಭೆಯಲ್ಲಿ ಮಾತಾಡೋಣ.