ಜರ್ಮನಿಯಲ್ಲಿ ಏಳು ವಾರದ ಕಿರಾಣಿ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾನು ಅಮ್ಮಿಯ ಜೊತೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆ. ಆಪಾಗೆ ಮಗುವಾಗಿತ್ತು. ದುಲ್ಹಾ ಭಾಯ್ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಆಪಾ ಹಾಸಿಗೆಯಲ್ಲಿ, ಅಮ್ಮಿ ಅಡುಗೆಮನೆಯಲ್ಲಿ. ಹೀಗಾಗಿ ಸಾಮಾನು ತರುವ ಕೆಲಸ ನನ್ನ ಪಾಲಿಗೆ ಬಂತು. ಊರಿನಲ್ಲಿ ಅಬ್ಬಾ ಬರೆದುಕೊಟ್ಟ ಚೀಟಿಯನ್ನು ಅಂಗಡಿಯವರ ಕೈಗೆ ಕೊಟ್ಟು ನಿಲ್ಲುವುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಏನು ನೋಡಿದೆ ಎಂದು ಸ್ನೇಹಿತರು ಕೇಳುತ್ತಾರೆ. ನಿಜ ಹೇಳಬೇಕೆಂದರೆ, ನಾನು ಹೆಚ್ಚಾಗಿ ನೋಡಿದ್ದು ಅಂಗಡಿಗಳನ್ನೇ.

ಮೊದಲ ಪಾಠ ಭಾನುವಾರದ್ದು. ಶನಿವಾರ ರಾತ್ರಿ ಹಾಲು ಮುಗಿದಿತ್ತು. ಬೆಳಿಗ್ಗೆ ತಂದರಾಯಿತು ಎಂದು ಮಲಗಿದೆ. ಬೆಳಿಗ್ಗೆ ಹೋದರೆ ಇಡೀ ಬೀದಿಯೇ ಬಂದ್. ಅಲ್ಲಿ ಭಾನುವಾರ ಅಂಗಡಿ ತೆರೆಯುವಂತಿಲ್ಲ. ಭಾನುವಾರದ ವಿಶ್ರಾಂತಿಗೆ ಸಂವಿಧಾನದಲ್ಲೇ ರಕ್ಷಣೆ ಇದೆ. ಪೆಟ್ರೋಲ್ ಬಂಕ್, ದೊಡ್ಡ ರೈಲ್ವೆ ನಿಲ್ದಾಣದ ಅಂಗಡಿ, ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಈಸ್ಟರ್ ಬಂದಾಗ ಶುಕ್ರವಾರ, ಭಾನುವಾರ, ಸೋಮವಾರ ಮೂರೂ ದಿನ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ ನಾನು ಜಾಣನಾಗದಿದ್ದರೂ ಅಮ್ಮಿ ಜಾಣರಾಗಿದ್ದರು, ಗುರುವಾರವೇ ನನ್ನನ್ನು ಓಡಿಸಿದರು.

ಎರಡನೆಯದು ಬೆಲೆ ಓದುವುದು. ಅಲ್ಲಿ ದಶಾಂಶಕ್ಕೆ ಚುಕ್ಕಿಯಿಲ್ಲ, ಅಲ್ಪವಿರಾಮ. 1,99 ಎಂದರೆ ಒಂದು ಯೂರೋ ತೊಂಬತ್ತೊಂಬತ್ತು ಸೆಂಟ್. ನಮ್ಮಲ್ಲಿರುವಂತೆ ಪೊಟ್ಟಣದ ಮೇಲೆ ಎಂಆರ್‌ಪಿ ಇರುವುದಿಲ್ಲ, ಬೆಲೆ ಕಪಾಟಿನ ಚೀಟಿಯಲ್ಲಿರುತ್ತದೆ. ಆ ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬೀಳುತ್ತದೆ ಎಂದೂ ಬರೆದಿರುತ್ತಾರೆ. ಕಾನೂನಿನ ಪ್ರಕಾರ ಬರೆಯಲೇಬೇಕು. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನನ್ನ ನಂಬಿಕೆ ಎರಡು ಸಲ ಸುಳ್ಳಾದದ್ದು ಈ ಸಣ್ಣ ಅಕ್ಷರದಿಂದಲೇ. ನಮ್ಮಲ್ಲೂ ಈಗ ಪೊಟ್ಟಣದ ಮೇಲೆ ಒಂದು ಗ್ರಾಂಗೆ ಇಷ್ಟು ಎಂದು ಮುದ್ರಿಸುತ್ತಾರೆ. ಇವತ್ತು ಮನೆಗೆ ಹೋಗಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ. ಬಿಲ್ಲಿನಲ್ಲಿ ತೆರಿಗೆಯನ್ನೂ ಬೇರೆಯಾಗಿ ತೋರಿಸುತ್ತಾರೆ: ಹಾಲು, ಅಕ್ಕಿ, ತರಕಾರಿಗೆ ಶೇಕಡಾ 7, ಸಾಬೂನಿಗೆ ಶೇಕಡಾ 19.

ಅಮ್ಮಿಗೆ ಈ ಲೆಕ್ಕ ಯಾವುದೂ ಬೇಕಿರಲಿಲ್ಲ. ಅವರು ಎಲ್ಲವನ್ನೂ 90ರಿಂದ ಗುಣಿಸುತ್ತಿದ್ದರು. ಸೂಪರ್ ಮಾರ್ಕೆಟ್‌ನಲ್ಲಿ ಸಣ್ಣ ಕುಂಡದಲ್ಲಿ ನೆಟ್ಟ ಕೊತ್ತಂಬರಿ ಸುಮಾರು 2 ಯೂರೋ. “ಕೊತ್ಮೀರ್‌ಗೆ ನೂರಾ ಎಂಬತ್ತು ರೂಪಾಯಿಯಾ!” ಎಂದು ಅವರು ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ಊರಿನಲ್ಲಿ ತರಕಾರಿಯವಳು ಸುಮ್ಮನೆ ಕೊಸರಾಗಿ ಹಾಕುವ ಸೊಪ್ಪು ಅದು. ಆದರೆ ಬಾಣಂತಿಗೆ ಬೇಕಾದ ಸಬ್ಬಸಿಗೆ ಸೊಪ್ಪು ಕಣ್ಣೆದುರೇ ಇತ್ತು. ಜರ್ಮನರು ಅದನ್ನು ಸೌತೆಕಾಯಿಗೂ ಮೀನಿಗೂ ಹಾಕುತ್ತಾರೆ. ಇಲ್ಲಿಂದ ಒಣಗಿಸಿ ಒಯ್ದಿದ್ದ ಒಂದು ಚೀಲ ಸಬ್ಬಸಿಗೆ ವ್ಯರ್ಥವಾಯಿತು.

ಗೋಧಿ ಹಿಟ್ಟಿನಲ್ಲೂ ಮೋಸ ಹೋದೆ. ಪೊಟ್ಟಣದ ಮೇಲೆ 405 ಎಂದಿತ್ತು. ಚಪಾತಿ ರಬ್ಬರಿನಂತಾಯಿತು. ನೂರು ಗ್ರಾಂ ಹಿಟ್ಟನ್ನು ಸುಟ್ಟರೆ ಉಳಿಯುವ ಬೂದಿ ಎಷ್ಟು ಮಿಲಿಗ್ರಾಂ ಎಂಬುದನ್ನು ಆ ಸಂಖ್ಯೆ ಸೂಚಿಸುತ್ತದೆ ಎಂದು ಆಮೇಲೆ ತಿಳಿಯಿತು. ತೌಡು ಹೆಚ್ಚಿದ್ದಷ್ಟೂ ಬೂದಿ ಹೆಚ್ಚು. 405 ಎಂದರೆ ಹೆಚ್ಚುಕಡಿಮೆ ಮೈದಾ. 1050ರದನ್ನು ತಂದು, ಇಡೀ ಗೋಧಿಯ ಹಿಟ್ಟಿನೊಂದಿಗೆ ಬೆರೆಸಿದಾಗ ಚಪಾತಿ ಚಪಾತಿಯಂತಾಯಿತು.

ನಿಜವಾದ ಕಷ್ಟ ಹಲಾಲ್‌ನದು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಕಂಡರೆ ಅರ್ಧ ಚಿಂತೆ ಕಳೆಯುತ್ತದೆ. ಅಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಹಣ್ಣಿನ ರುಚಿಯ ಕೆಲವು ಮೊಸರಿನಲ್ಲೂ ಜೆಲಟಿನ್ ಇರುತ್ತದೆ. ಇ 120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಇ 471 ಎಂಬ ಕೊಬ್ಬಿನ ಪದಾರ್ಥ ಗಿಡದ್ದೂ ಆಗಬಹುದು, ಪ್ರಾಣಿಯದ್ದೂ ಆಗಬಹುದು. ಸಂಖ್ಯೆ ನೋಡಿ ಹೇಳಲಾಗದು. ಹೋದ ದಿನವೇ ದುಲ್ಹಾ ಭಾಯ್ ಒಂದು ಕಾಗದದಲ್ಲಿ ಬಿಡಬೇಕಾದ ಪದಗಳನ್ನು ಬರೆದುಕೊಟ್ಟಿದ್ದರು: ಶ್ವೈನ್, ಶ್ಪೆಕ್, ಶ್ಮಾಲ್ಟ್ಸ್. ಮೂರನೆಯದು ಸಾಮಾನ್ಯವಾಗಿ ಹಂದಿಯ ಕೊಬ್ಬು. ನಾನು ಅದನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದ್ದೆ.

ಈಗ ತುಪ್ಪದ ಕಥೆ. ಬಾಣಂತಿಗೆ ಬಾದಾಮಿ ಹರೀರಾ ಮಾಡಬೇಕು, ತುಪ್ಪ ಸಿಗುತ್ತಿಲ್ಲ. ಬೆಣ್ಣೆಯ ಪಕ್ಕ ಹಳದಿ ಡಬ್ಬಿಯೊಂದಿತ್ತು. ಹೆಸರು ಬುಟರ್‌ಶ್ಮಾಲ್ಟ್ಸ್. ಶ್ಮಾಲ್ಟ್ಸ್ ಎಂದು ಕಂಡ ಕೂಡಲೇ ಕೈ ಹಿಂದಕ್ಕೆ ತೆಗೆದೆ. ಬೆಣ್ಣೆಗೆ ಹಂದಿ ಕೊಬ್ಬು ಬೆರೆಸಿದ್ದಾರೆ ಎಂದೇ ಅಮ್ಮಿಗೆ ಹೇಳಿದೆ. ಎರಡು ವಾರ ಅವರು 250 ಗ್ರಾಂ ಬೆಣ್ಣೆಯ ಪೊಟ್ಟಣ ತರಿಸಿ ಮನೆಯಲ್ಲೇ ಕಾಯಿಸಿದರು. ಒಂದು ಕಿಲೋ ಬೆಣ್ಣೆಗೆ ಸುಮಾರು 800 ಗ್ರಾಂ ತುಪ್ಪ. ಒಂದು ದಿನ ಹೊಗೆಯ ಅಲಾರಾಂ ಕಿರುಚಿ ಮಗು ಎದ್ದು, ಮನೆಯವರೆಲ್ಲ ಕಿಟಕಿ ತೆರೆಯಲು ಓಡಿದೆವು. ರಾತ್ರಿ ಮಗುವಿನ ಜೊತೆ ಎಚ್ಚರವಿದ್ದ ಅಮ್ಮಿ ಹಗಲೂ ಒಲೆಯ ಮುಂದೆ ನಿಂತಿದ್ದರು. ಅದು ನನ್ನಿಂದ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮಾಂಸಕ್ಕೆ ನಾವು ಟರ್ಕಿಯವರ ಅಂಗಡಿಗೆ ಹೋಗುತ್ತಿದ್ದೆವು. 1961ರಲ್ಲಿ ಆಗಿನ ಪಶ್ಚಿಮ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆಸಿಕೊಂಡಿತು. ಅವರು ಅಲ್ಲೇ ನೆಲೆಸಿದ್ದರಿಂದ ಇಂಥ ಅಂಗಡಿಗಳು ಊರೂರಿಗೂ ಬಂದವು. ಕೊತ್ತಂಬರಿ, ಪುದೀನ ದೊಡ್ಡ ಕಟ್ಟಿನಲ್ಲೇ ಸಿಗುತ್ತವೆ. ಜರ್ಮನ್ ಒಂದಕ್ಷರ ಬಾರದ ಅಮ್ಮಿ ಅಲ್ಲಿ ಧೈರ್ಯವಾಗಿ “ಕೀಮಾ” ಎಂದರು. ಅವರದು “ಕಿಯ್ಮಾ”. ಮಾತು ಸಾಕಾಯಿತು. ನಮ್ಮ ಹಿಸಾಬ್ ಅವರಿಗೆ ಹೆಸಾಪ್, ನಮ್ಮ ದುಕಾನ್ ಅವರಿಗೆ ದುಕ್ಕಾನ್, ಕನ್ನಡದ ಸಾಬೂನು ಅವರಿಗೆ ಸಾಬುನ್. ಆಪಾ ಎರಡು ವರ್ಷದಿಂದ ಅಲ್ಲಿಗೆ ಹೋಗಿ ಬೆರಳು ತೋರಿಸಿ ಸಾಮಾನು ತರುತ್ತಿದ್ದಳು. ಅಮ್ಮಿ ಮೊದಲ ದಿನವೇ ಮಾತಾಡಿ ಬಂದರು.

ಅದೇ ಅಂಗಡಿಯಲ್ಲಿ ಆ ಹಳದಿ ಡಬ್ಬಿಯನ್ನು ಕಂಡೆ. ಗಾಬರಿಯಿಂದ ಅಂಗಡಿಯವರನ್ನು ಕೇಳಿದರೆ ನಕ್ಕರು. ಬುಟರ್‌ಶ್ಮಾಲ್ಟ್ಸ್ ಎಂದರೆ ಬೆಣ್ಣೆ ಕಾಯಿಸಿ ತೆಗೆದ ಕೊಬ್ಬು, ಅಂದರೆ ತುಪ್ಪವೇ. ಅರ್ಧ ಪದ ಓದಿ ಹೆದರಿದ್ದೆ. ಮನೆಗೆ ಬಂದು ಅಮ್ಮಿಗೆ ಹೇಳಿದಾಗ ಅವರು ಬೈಯಲಿಲ್ಲ. “ಹೆದರಿ ಬಿಟ್ಟೆ, ಒಳ್ಳೆಯದೇ ಆಯ್ತು. ಆದರೆ ಕೇಳಬೇಕಿತ್ತು ಬೇಟಾ” ಎಂದಷ್ಟೇ ಹೇಳಿ ಸೊಂಟ ಒತ್ತಿಕೊಂಡು ಕುಳಿತರು. ಅದಾದ ಮೇಲೆ ಅನುಮಾನ ಬಂದ ಪ್ರತಿ ಪದದ ಫೋಟೋ ತೆಗೆದು ದುಲ್ಹಾ ಭಾಯ್‌ಗೆ ಕಳಿಸುತ್ತಿದ್ದೆ. ಹೊರಡುವ ಮೊದಲು ಆ ಪದಗಳನ್ನು ಉರ್ದುವಿನಲ್ಲಿ ಬರೆದು ಆಪಾಳ ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಕೊನೆಯ ಕೆಲಸ ಖಾಲಿ ಬಾಟಲಿಗಳದು. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿಗೆ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ನಮ್ಮ ಗೋಲಿ ಸೋಡಾ ಬಾಟಲಿಯ ಹಾಗೆ. ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಕೌಂಟರಿನಲ್ಲಿ ಕೊಟ್ಟರೆ ಹಣ. ಅಂಗಡಿಯ ಲೆಕ್ಕದಲ್ಲಿ ಅದು ಆದಾಯವಲ್ಲ, ಹೊಣೆ. ನಾನು 13 ಬಾಟಲಿ ಹಾಕಿದೆ. ವಿಮಾನದ ಗಡಿಬಿಡಿಯಲ್ಲಿ ಚೀಟಿ ಕೊಡುವುದನ್ನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಬಂದೆ. ಅದೀಗ ನನ್ನ ಅಕೌಂಟೆನ್ಸಿ ಪುಸ್ತಕದಲ್ಲಿ, ಸಾಲಗಾರರ ಪಾಠದ ಹಾಳೆಗಳ ನಡುವೆ ಇದೆ. 3,25 ಯೂರೋ ಬರಬೇಕು.